ಎರಡು ಜಿಲೇಬಿ

ಚಿಂಚವಾಡ
೩ ಜೂನ್ ೨೦೨೪

ತಮ್ಮ ಅಮರಗ,

ಕ್ಷೇಮ-ಗೀಮ ಬರ್ಯಾಕ ಪುರಸತ್ತಿಲ್ಲ, ನೆಟ್ಟಗ ವಿಷಯಕ್ಕ ಬರ್ತೀನಿ. ಇದು ಫೋನಿನ್ಯಾಗ ಹೇಳೂ ಮಾತಲ್ಲ. ಎರಡು ಖೋಲಿ ಮನಿ, ನಾ ಫೋನ್ ಹಿಡದ್ರ ಸಾಕು, ನಿಮ್ಮ ವೈನಿ ಒಗ್ಗರಣಿ ಬಿಟ್ಟು ಬಂದು ಬಾಗಲದಾಗ ನಿಂದರತಾಳ. ವಾಟ್ಸಾಪ್‌ದಾಗ ಬರದದ್ದು ಸಾಕ್ಷಿ ಆಗತದ ಅಂತ ಶಿವಾಜಿನಗರ ಕೋರ್ಟಿನ ಮುಂದ ಟೈಪಿಂಗ್ ಟೇಬಲ್ ಹಾಕ್ಕೊಂಡು ಕುಂತ ನೀನ ಹೇಳಿದ್ದಿ. ಅದಕ್ಕ ಕಾಗದ. ಓದಿ ಹರದು ಒಗಿ.

ಈ ತಿಂಗಳು ಹದಿನೈದಕ್ಕ ನಮ್ಮ ಫ್ಯಾಕ್ಟರಿ ಮಂದೀದು ವರ್ಷದ ಮೆಡಿಕಲ್ ಅದ. ಹೊಸಾ ಸೇಫ್ಟಿ ಸಾಹೇಬ ಬಂದಾನ. ಶುಗರ್ ಹೆಚ್ಚಿದ್ದವರನ್ನ, ಬಿ.ಪಿ. ಹೆಚ್ಚಿದ್ದವರನ್ನ ಕ್ರೇನ್‌ನಿಂದ ಕೆಳಗ ಇಳಸೂದ ಅಂತ ಪಟ್ಟು ಹಿಡದಾನ. ಅವನದೇನೂ ತಪ್ಪಿಲ್ಲ ಬಿಡು. ಮ್ಯಾಲ ಕುಂತಾವಗ ಕಣ್ಣಿಗೆ ಕತ್ತಲಿ ಬಂದ್ರ ಎಂಟು ಟನ್ ಕಬ್ಬಿಣ ಕೆಳಗಿನ ಮಂದೀ ಮ್ಯಾಲ ಬೀಳತದ. ಆದ್ರ ನನಗ ಇವತ್ತಿನ ತನಾ ಕತ್ತಲಿ ಬಂದಿಲ್ಲ. ನಾಕು ವರ್ಷದಿಂದ ಶುಗರ್ ಅದ, ಬಿ.ಪಿ. ಅದ, ಗುಳಿಗಿ ತಗೋತೀನಿ, ನಿಮ್ಮ ವೈನಿ ಸಪ್ಪನ್ನ ಊಟ ಹಾಕತಾಳ, ಬಾಯಿ ಮುಚ್ಚಿಕೊಂಡು ಉಣ್ತೀನಿ. ನನ್ನ ಖರೇ ರೋಗ ಅಂದ್ರ ಹೆದರಿಕಿ. ತೋಳಿಗೆ ಆ ಪಟ್ಟಿ ಕಟ್ಟಿ ಪುಸ್ ಪುಸ್ ಗಾಳಿ ಹೊಡದ್ರ ಎದಿ ಹಾರತದ, ಅಂಕಿ ಸರ್ರನ ಮ್ಯಾಲ ಹೋಗತದ. ಹೋದ ವರ್ಷ ನೂರಾ ಎಪ್ಪತ್ತೆಂಟು ಬಂತು. "ಬರೂ ವರ್ಷ ಹಿಂಗ ಬಂದ್ರ ಇಳಸ್ತೀವಿ" ಅಂತ ಕಾಗದದ ಮ್ಯಾಲ ಬರದುಕೊಟ್ಟಾರ.

ಇಪ್ಪತ್ತೆರಡು ವರ್ಷ ಆ ಕ್ಯಾಬಿನ್ನಿನ್ಯಾಗ ಕಳದೀನಿ, ಅಮರ್ಯಾ. ಬ್ಯಾರೇ ಕೆಲಸ ನನಗ ಬರೂದಿಲ್ಲ. ಕೆಳಗ ಇಳಿದ್ರ ಸ್ಟೋರಿನ್ಯಾಗ ನಟ್ಟು-ಬೋಲ್ಟು ಎಣಸಾಕ ಹಾಕತಾರ. ನಿನ್ನೆ ಮೊನ್ನೆ ಬಂದ ಹುಡುಗೂರು ಕಾಕಾ, ಅದು ತಾ, ಇದು ತಾ ಅಂತಾರ. ನನ್ನ ಕೈಲೆ ಆಗೂದಿಲ್ಲ.

ಹುಟ್ಟಿನ್ಯಾಗ ನಮಗ ಐದು ವರ್ಷ ಫರಕು, ಮಾರಿಯೊಳಗ ಫರಕಿಲ್ಲ. ನಿಮ್ಮ ರೇಣು ಸುದ್ದಾ ಸಣ್ಣಾಕಿದ್ದಾಗ ನನ್ನ ಅಪ್ಪಾ ಅಂತ ಹಿಡಕೊಂಡಿದ್ದಳು. ಮೆಡಿಕಲ್ ಹೊರಗಿನ ಲ್ಯಾಬಿನ್ಯಾಗ, ಪಿಂಪ್ರಿಯೊಳಗ. ಅಲ್ಲಿ ನನ್ನ ಗುರ್ತಿನವರು ಯಾರೂ ಇಲ್ಲ, ಬರೇ ಕಾರ್ಡ್ ನೋಡತಾರ. ಕಾರ್ಡ್ ನಾ ಕೊಡ್ತೀನಿ. ನೀ ಒಂದು ಮುಂಜಾನೆ ತೋಳು ಚಾಚು, ಸಾಕು.

ನಿನ್ನ ಅಣ್ಣ
ಈರಣ್ಣ


ಶಿವಾಜಿನಗರ
೮ ಜೂನ್ ೨೦೨೪

ಅಣ್ಣಗ ಅಮರನ ನಮಸ್ಕಾರ.

ನಿನ್ನ ಕಾಗದ ಐದು ದಿವಸಕ್ಕ ಬಂತು. ಚಿಂಚವಾಡದಿಂದ ಅದು ನಡಕೋತ ಬಂದಿದ್ರೂ ಇದಕ್ಕಿಂತ ಲಗೂ ಬರ್ತಿತ್ತು. ಓದಿ ನಕ್ಕೆ, ಆಮ್ಯಾಲ ಹೆದರಿದೆ. ಅಲ್ಲೋ ಅಣ್ಣಾ, ದಿನಾ ಸುಳ್ಳು ಅಫಿಡೆವಿಟ್ ಮಾಡಿ ಸಿಕ್ಕೊಂಡವರ ಕೇಸು ನನ್ನ ಟೇಬಲ್ ಮ್ಯಾಲಿಂದ ಹೋಗತಾವ. ನನ್ನ ಮೈಯನ್ನ ಸುಳ್ಳು ಅಫಿಡೆವಿಟ್ ಮಾಡು ಅಂತಿಯಲ್ಲ.

ಬರ್ತೀನಿ. ಬ್ಯಾಡ ಅಂತ ನಾಕು ಸಲ ಬರದು ನಾಕು ಹಾಳಿ ಹರದೆ. ಊರಿಂದ ಬಂದಾಗ ನನ್ನ ನಿನ್ನ ಖೋಲಿಯೊಳಗ ಇಟ್ಕೊಂಡು ಟೈಪಿಂಗ್ ಕ್ಲಾಸಿಗೆ ಹಚ್ಚಿದಾವ ನೀ. ನಿನಗ ಇಲ್ಲ ಅನ್ನಾಕ ನನಗ ಬಾಯಿಲ್ಲ.

ನನ್ನ ಬಗ್ಗೆ ಚಿಂತಿ ಬ್ಯಾಡ, ಕಲ್ಲು ಗುಂಡಿನಂಗ ಅದೀನಿ. ಈ ಆರು ತಿಂಗಳಾಗ ಎಷ್ಟು ತೆಳ್ಳಗಾಗೀನಿ ಅಂದ್ರ ವಕೀಲರು "ವಾಕಿಂಗ್ ಹೋಗ್ತಿಯೇನೋ ಅಮರ" ಅಂತ ಕೇಳತಾರ. ಎಲ್ಲಿ ವಾಕಿಂಗು! ಈ ಸಲದ ಬಿಸಲಿಗೆ ನೀರು ಎಷ್ಟು ಕುಡದ್ರೂ ಸಾಲೂದಿಲ್ಲ, ಕುಡದಷ್ಟೂ ಕೋರ್ಟಿನ ಹಿಂದ ಓಡೂದು, ಅದ ನನ್ನ ವಾಕಿಂಗು. ಹೊಸಾ ಚಪ್ಪಲಿ ಹೆಬ್ಬೆರಳಿಗೆ ಕಡದದ, ಅದೊಂದು ಬಿಟ್ಟು ನನಗ ಬ್ಯಾನಿ ಇಲ್ಲ.

ಹದಿನೈದಕ್ಕ ಆರೂವರೀಗೆ ಪಿಂಪ್ರಿ ಸ್ಟೇಶನ್ನಿನ ಹೊರಗ ನಿಂತಿರು. ಮೀಸಿ ನಿನ್ನಂಗ ಕತ್ತರಿಸಿಕೊಂಡು ಬರ್ತೀನಿ.

ಅಮರ


ಚಿಂಚವಾಡ
೨೬ ಜೂನ್ ೨೦೨೪

ಅಮರ,

ರಿಪೋರ್ಟ್ ಬಂತು. ಕೆಂಪು ಶಿಕ್ಕಾ ಹೊಡದಾರ. ಖಾಲಿ ಹೊಟ್ಟೀ ಶುಗರ್ ಇನ್ನೂರಾ ಎಂಬತ್ತಾರು. ಬಿ.ಪಿ. ನೂರಾ ತೊಂಬತ್ತು, ಕೆಳಗಿಂದು ನೂರಾ ಹತ್ತು. ಅದರ ಕೆಳಗ ಇನ್ನೂ ಏನೇನೋ ಇಂಗ್ಲಿಷ್‌ದಾಗ ಅದ, ನಾ ಓದಲಿಲ್ಲ. ಸಿಟ್ಟಿಗೆ ಹರದು ಒಗದೆ.

ನಾನ ತೋಳು ಕೊಟ್ಟಿದ್ರ ಇಷ್ಟು ಬರ್ತಿರಲಿಲ್ಲ. ಹಿಂದಿನ ದಿನ ಏನು ತಿಂದಿದ್ದಿ? ಖರೇ ಹೇಳು. ಲ್ಯಾಬಿನಿಂದ ಹೊರಗ ಬಂದಾಗ ಚಾದ ಅಂಗಡಿ ಮುಂದ ನೀನ ಹಲ್ಲು ಕಿಸದು ಹೇಳಿದ್ದಿ, ನಿನ್ನೆ ಕೇಸು ಗೆದ್ದವರು ಟೇಬಲ್ಲಿಗೆ ಜಿಲೇಬಿ ಹಂಚಿದ್ರು, ಎರಡು ತಿಂದೆ ಅಂತ. ನಾ ಆಗ ನಕ್ಕಿದ್ದೆ. ಒಂದು ಸಂಜೀಕ ಬಾಯಿ ಕಟ್ಟಾಕ ಆಗಲಿಲ್ಲೇನೋ ನಿನಗ? ನಾ ನಾಕು ವರ್ಷದಿಂದ ಕಟ್ಟೀನಿ!

ಇವತ್ತು ಸ್ಟೋರಿಗೆ ಹಾಕಿದ್ರು. ಕಂಪನಿ ಡಾಕ್ಟರ್ ಆ ರಿಪೋರ್ಟ್ ನೋಡಿ ಗುಳಿಗಿ ದುಪ್ಪಟ್ಟು ಬರದುಕೊಟ್ಟಾರ. ಸಪ್ಟೆಂಬರ್ ಕಡೀಗೆ ಮತ್ತ ತಪಾಸಣಿ, ಆಗ ಬರೋಬರ ಇದ್ರ ವಿಚಾರ ಮಾಡ್ತಾರಂತ. ಗುಳಿಗೀನೂ ತಗೋತೀನಿ, ಅನ್ನಾನೂ ಬಿಡ್ತೀನಿ, ಏನು ಬೇಕಾದ್ದು ಮಾಡ್ತೀನಿ. ನನ್ನ ಕ್ರೇನ್ ಮ್ಯಾಲ ನಿನ್ನೆ ಬಂದ ಶ್ರೀನಾಥ್ ಅನ್ನಾವ ಏರಿ ಕುಂತಾನ. ನಾ ಕೆಳಗ ನಿಂತು ಕತ್ತು ಮ್ಯಾಲ ಮಾಡಿ ನೋಡಿದೆ.

ಫೋನ್ ಮಾಡಬ್ಯಾಡ.

ಈರಣ್ಣ


ಶಿವಾಜಿನಗರ
೨ ಜುಲೈ ೨೦೨೪

ಅಣ್ಣಾ,

ಹೌದು, ತಿಂದೆ. ಎರಡು. ಬಿಸೀವು ಇದ್ದುವು, ಕೈ ತಡೀಲಿಲ್ಲ. ಗೆದ್ದವರು ಕೊಟ್ಟದ್ದು ಬ್ಯಾಡ ಅಂದ್ರ ಅಪಶಕುನ ಅಂತಾರ ನಮ್ಮ ಟೇಬಲ್ ಮಂದಿ. ಆ ನೆವ ಸಾಕಾತು ನನಗ. ನಿನ್ನ ಇಪ್ಪತ್ತೆರಡು ವರ್ಷ ನಾ ಎರಡು ಜಿಲೇಬಿಯೊಳಗ ತಿಂದು ಕುಂತೆ.

ಬಿ.ಪಿ.ದು ಸುದ್ದಾ ನಂದ ತಪ್ಪು. ಬ್ಯಾರೇದವರ ಹೆಸರು ಹೇಳಿ ಕುಂಡ್ರೂದಂದ್ರ ಎದಿ ಹೊಡಕೊಳ್ಳೂದಿಲ್ಲೇನು? ಆ ಲ್ಯಾಬಿನ ಹೆಣ್ಣಮಗಳು "ಈರಣ್ಣ" ಅಂತ ಕೂಗಿದಾಗ ನಾ ಎರಡು ಸಲ ಸುಮ್ನ ಕುಂತಿದ್ದೆ, ಮೂರನೇ ಸಲ ನೆನಪಾತು.

ನೀ ಬ್ಯಾಡ ಅಂದ್ರೂ ಫೋನ್ ಮಾಡಿದೆ. ಕಟ್ ಮಾಡಿದಿ. ರವಿವಾರ ಮನೀಗೆ ಬಂದೆ, ವೈನಿ "ಮಲಗ್ಯಾರ" ಅಂದ್ರು, ಆದ್ರ ನಿನ್ನ ಕೆಮ್ಮು ಕೇಳಿಸ್ತು. ಹೊಳ್ಳಿ ಬಂದೆ. ಚಪ್ಪಲಿ ಕಡದದ್ದು ಇನ್ನೂ ಮಾಯ್ದಿಲ್ಲ, ನಿಮ್ಮ ಕಾಲನಿ ಮೆಟ್ಟಲಾ ಇಳಿಯೂದು ತ್ರಾಸಾತು.

ಬೈ, ಬೇಕಾದ್ರ ಹೊಡಿ. ಆದ್ರ ಎರಡು ಸಾಲು ಬರಿ.

ಅಮರ


ಶಿವಾಜಿನಗರ
೨೭ ಆಗಸ್ಟ್ ೨೦೨೪

ಅಣ್ಣಾ,

ಎರಡು ತಿಂಗಳಾತು, ನಿನ್ನ ಕಡಿಂದ ಒಂದು ಅಕ್ಷರಿಲ್ಲ. ನಾನ ಬರೀತೀನಿ.

ಜುಲೈದಿಂದ ಸಿಹಿ ಮುಟ್ಟಿಲ್ಲ. ನೀ ಕ್ರೇನ್ ಏರೂ ತನಾ ಮುಟ್ಟೂದಿಲ್ಲ ಅಂತ ದೇವರ ಮುಂದ ಹೇಳೀನಿ. ಶ್ರಾವಣದ ಸ್ವಾಮಾರ ನಾಕೂ ಉಪಾಸ ಮಾಡಿದೆ, ನಿನ್ನ ಹೆಸರಿಲೆ. ಅನ್ನ ಇಲ್ಲ, ರೊಟ್ಟಿ ಇಲ್ಲ. ನಮ್ಮ ಮನಿಯಾಕಿ ಕಾಶವ್ವ ಮುಂಜಾನೆ ಸಾಬೂದಾಣಿ ಖಿಚಡಿ ಮಾಡಿ ಡಬ್ಬಿ ಕಟ್ಟತಾಳ, ಸಂಜೀಕ ಕುದಿಸಿದ ಗೆಣಸು, ಎರಡು ಬಾಳಿಹಣ್ಣು. ಆದ್ರ ಉಪಾಸದ ಮರುದಿವಸ ಮೈ ಭಾಳ ಭಾರ ಆಗತದ, ತಲಿ ಹಿಂಭಾಗ ಹಿಡಕೊಂಡಂಗ ಆಗತದ. ಉಪಾಸ ರೂಢಿ ಇಲ್ಲಲ್ಲ, ಅದಕ್ಕ ಇರಬೇಕು.

ಕಣ್ಣೂ ಕೈ ಕೊಟ್ಟಾವ. ಎರಡು ಸಲ ಚಷ್ಮಾ ಬದಲಿ ಮಾಡಿದೆ. ಒಂದು ವಾರ ಛಲೋ ಕಾಣಸ್ತದ, ಮುಂದಿನ ವಾರ ಮತ್ತ ಮಂಜು. ಮೊನ್ನೆ ಅರ್ಜಿಯೊಳಗ ಒಂದು ಇಡೀ ಸಾಲು ಬಿಟ್ಟು ಟೈಪ್ ಮಾಡಿದೆ, ವಕೀಲರು ಎಲ್ಲಾರ ಮುಂದ ಕಾಗದ ಮಾರಿಗೆ ಒಗದ್ರು. ಬ್ಯಾಸರ ಆಗೇದ, ಅಣ್ಣಾ. ಸಂಜೀಕ ಮನೀಗೆ ಬಂದು ಕುಂತ್ರ ಏಳಾಕ ಮನಸ್ಸಾಗೂದಿಲ್ಲ. ರೇಣು "ಡಾಕ್ಟರಿಗೆ ತೋರಸು" ಅಂತ ಗಂಟುಬಿದ್ದಾಳ. ದಣಿವಿಗೆ ಏನು ಡಾಕ್ಟರು? ನೀ ಒಮ್ಮೆ ಮಾತಾಡಿದ್ರ ಅರ್ಧ ದಣಿವು ಹೋಗತದ.

ಸಪ್ಟೆಂಬರದ ತಪಾಸಣಿಗೆ ನೀನ ಹೋಗು. ನಾ ಬರೂದಿಲ್ಲ. ನನ್ನ ಮೈ ಮ್ಯಾಲ ನನಗ ನಂಬಿಕಿ ಉಳದಿಲ್ಲ.

ಅಮರ


ಚಿಂಚವಾಡ, ದವಾಖಾನಿ
೩೦ ಸಪ್ಟೆಂಬರ್ ೨೦೨೪, ಹನ್ನೆರಡು ಗಂಟೆ

ತಮ್ಮಾ,

ಈ ಕಾಗದ ನಿಮ್ಮ ವೈನಿ ಶಿವಬಸವ್ವನ ಕೈಯಾಗ ಕಳಸೀನಿ. ಕೋರ್ಟಿನ್ಯಾಗ ನಿನ್ನ ಫೋನ್ ಬಂದ್ ಅದ. ನನ್ನ ತೋಳಿಗೆ ಸಲಾಯಿನ್ ಹಚ್ಚಾರ, ಏಳಗೊಡವಲ್ರು. ಓದಿದ ಕೂಡಲೆ ಟೇಬಲ್ ಬಿಟ್ಟು ಏಳು, ಅಕೀ ಸಂಗಾಟ ಯಾವುದಾರ ದೊಡ್ಡ ದವಾಖಾನಿಗೆ ಹೋಗು. ಕಾರಣ ಕೆಳಗ ಬರದೀನಿ, ಅದನ್ನ ರಿಕ್ಷಾದಾಗ ಓದು.

ಮುಂಜಾನೆ ಸ್ಟೋರಿನ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದೆ. ಮೈ ತುಂಬ ಬೆವರು, ಬಾಯಿ ತೊದಲಾಕ ಹತ್ತಿತ್ತಂತ. ಕಂಪನಿ ಸಿಸ್ಟರ್ ಶ್ರದ್ಧಾಬಾಯಿ ಓಡಿ ಬಂದು ಬೆರಳು ಚುಚ್ಚಿ ನೋಡಿದ್ರ ಶುಗರ್ ನಲವತ್ತಾರು. ಬಿ.ಪಿ. ತೊಂಬತ್ತಕ್ಕೂ ಕಡಿಮಿ. ಬಾಯಾಗ ಗ್ಲುಕೋಸ್ ಹಾಕಿ ಎಬ್ಬಿಸಿದ್ರು. ಎದ್ದ ಮ್ಯಾಲ ನನ್ನ ಫೈಲ್ ಹಿಡಕೊಂಡು ಬಂದು ಹಾಸಿಗಿ ಕಡಿ ಕುಂತ್ರು. "ಜೂನ್‌ದಾಗ ಇಷ್ಟು ಕೆಟ್ಟಿದ್ದ ಮನಷ್ಯಾಗ ಈ ಗುಳಿಗಿ ಸಾಲಬಾರದಿತ್ತು. ನಿಮ್ಮ ಮೈಗೆ ಇದು ಹ್ಯಾಂಗ ಹೆಚ್ಚಾತು?" ಅಂತ ಕೇಳಿದ್ರು. ನಾ ಜಿಲೇಬಿ ವಿಷಯ ಹೇಳಿಬಿಟ್ಟೆ. ಎಲ್ಲಾ ಹೇಳಿಬಿಟ್ಟೆ. ನಿಮ್ಮ ವೈನಿ ಅಲ್ಲೇ ನಿಂತಿದ್ದಳು, ಹಣಿ ಹಣಿ ಬಡಕೊಂಡಳು.

ಸಿಸ್ಟರ್ ಬೈಲಿಲ್ಲ. ಮಾರಿ ಸಣ್ಣದು ಮಾಡಿ ಫೈಲಿನ ನಕಲಿನ್ಯಾಗ ಆ ಇಂಗ್ಲಿಷ್ ಸಾಲು ತೋರಿಸಿದ್ರು, ನಾ ಓದದ ಹರದು ಒಗದದ್ದು. ಅದರಾಗ ಮೂರು ತಿಂಗಳ ಶುಗರಿನ ಸರಾಸರಿ ಇರತದಂತ. ಆರರೊಳಗ ಇರಬೇಕಾದ್ದು ಹನ್ನೊಂದರ ಮ್ಯಾಲ ಅದ. "ಎರಡು ಜಿಲೇಬಿ ತಿಂದ್ರ ಇದು ಹಿಂಗ ಏರೂದಿಲ್ಲ. ಇದು ಹಿಂದಿನ ಸಂಜೀದಲ್ಲ, ಭಾಳ ದಿವಸದ್ದು" ಅಂದ್ರು. ಮೂತ್ರದಾಗ ಪ್ರೋಟೀನ್ ಹೋಗಾಕ ಹತ್ತದಂತ, ಅಂದ್ರ ಕಿಡ್ನಿಗೆ ಪೆಟ್ಟು ಬಿದ್ದದ. ನನಗ ತಿಳೀಲಿ ಅಂತ ಕ್ರೇನಿನ ಭಾಷಾದಾಗ ಹೇಳಿದ್ರು: ಶುಗರ್ ಒಳಗಿಂದ ಹಗ್ಗ ಸವಸ್ತದ, ಬಿ.ಪಿ. ಮ್ಯಾಲ ಭಾರ ಏರಸ್ತದ, ಎರಡೂ ಕೂಡಿದ್ರ ಹಗ್ಗ ಎಲ್ಲೆ ಸಣ್ಣದ ಅಲ್ಲೆ ಮೊದಲು ಹೋಗತದ. ಕಣ್ಣು, ಕಿಡ್ನಿ, ಕಾಲು.

ನೀರಡಿಕಿ ಬರದಿದ್ದಿ. ತೆಳ್ಳಗಾಗೀನಿ ಅಂತ ಬರದಿದ್ದಿ. ಮಾಯದ ಗಾಯ, ಮಂಜು ಕಣ್ಣು, ಎಲ್ಲಾ ಬರದಿದ್ದಿ. ನಾಕು ವರ್ಷ ಈ ರೋಗದ ಸಂಗಾಟ ಇದ್ದಾವ ನಾ. ನನಗ ಗೊತ್ತಾಗಬೇಕಿತ್ತು. ನಾ ಬರೇ ನನ್ನ ಕ್ರೇನ್ ಹುಡುಕಿಕೋತ ನಿನ್ನ ಕಾಗದ ಓದಿದೆ.

ನಿಮ್ಮ ವೈನಿ ಬಾಯಿಲೆ ಹೇಳಿದ್ರ ನೀ ನಗತಿ, ಅದಕ್ಕ ನನ್ನ ಕೈಯಕ್ಷರ ಕಳಸೀನಿ. ಆ ರಿಪೋರ್ಟ್ ನಿಂದು. ಏಳು.

ಅಣ್ಣ


ಚಿಂಚವಾಡ
೨೪ ಅಕ್ಟೋಬರ್ ೨೦೨೪

ತಮ್ಮಾ,

ನಾಕು ಸಲ ದವಾಖಾನಿಗೆ ಬಂದೆ. ನಾಕೂ ಸಲ ನೀ ಗೋಡೀ ಕಡೆ ಮಾರಿ ಮಾಡಿ ಮಲಗಿದ್ದಿ. ಎಚ್ಚರ ಇದ್ದಿ, ನನಗ ಗೊತ್ತಾಗತಿತ್ತು. ಸಿಟ್ಟಿರಬೇಕು. ಇರಲಿ, ಇರಬೇಕಾದ್ದ. ನಿನ್ನ ಕಾಲಿನ ಎರಡು ಬೆರಳು ಕತ್ತರಿಸಿ ತಗದ ದಿವಸ ಕಾಶವ್ವ ನನ್ನ ಮಾರಿ ನೋಡಲಿಲ್ಲ. ರೇಣು ಒಬ್ಬಾಕಿನ "ದೊಡ್ಡಪ್ಪಾ, ಚಾ ತಗೋರಿ" ಅಂದಳು. ಆ ಚಾ ನಾ ಹೊರಗಿನ ಬಾಕಿನ ಮ್ಯಾಲ ಕುಂತು ಕುಡದೆ.

ನಿನ್ನ ಡಾಕ್ಟರ್ ಹಳೇ ರಿಪೋರ್ಟ್ ಕೇಳಿದ್ರಲ್ಲ, ನೀ ಯಾವುದೂ ಇಲ್ಲ ಅಂದಿದ್ದಿ. ನಾ ಫ್ಯಾಕ್ಟರಿ ಫೈಲಿನಿಂದ ನಕಲು ತಂದುಕೊಟ್ಟೆ. ಅವರು ನೋಡಿ, "ಇದರ ಮ್ಯಾಲ ಬ್ಯಾರೇ ಹೆಸರದ, ಲ್ಯಾಬಿನವರು ಬರದುಕೊಡೂ ತನಾ ನಾ ಇದನ್ನ ಹ್ಯಾಂಗ ನಂಬಲಿ?" ಅಂದ್ರು. ಲ್ಯಾಬಿನವರು, ಕಂಪನಿ ಪತ್ರ ತಾ ಅಂದ್ರು.

ಮರುದಿವಸ ಮುಂಜಾನೆ, ನಾ ಬಿದ್ದದ್ದಕ್ಕ ಮುಂದ ಹೋಗಿದ್ದ ನನ್ನ ತಪಾಸಣಿ ಬಂದಿತ್ತು. ಶ್ರದ್ಧಾಬಾಯಿ ನಾ ಒಪ್ಪಿಕೊಂಡದ್ದನ್ನ ಇನ್ನೂ ಯಾರ ಮುಂದೂ ಹೇಳಿರಲಿಲ್ಲ. ನನ್ನ ಐದು ನಿಮಿಷ ಸುಮ್ನ ಕುಂಡ್ರಿಸಿ, ಎರಡನೇ ಸಲ ಬಿ.ಪಿ. ನೋಡಿದ್ರು. ನೂರಾ ಮೂವತ್ತಾರು, ಶುಗರೂ ಬರೋಬರ. ಐದು ನಿಮಿಷ ಕುಂಡ್ರೂದು, ಅಷ್ಟ ಬೇಕಾಗಿತ್ತು ನನಗ, ನಾಕು ವರ್ಷದಿಂದ. ಸೇಫ್ಟಿ ಸಾಹೇಬ "ಸ್ವಾಮಾರದಿಂದ ಕ್ರೇನ್ ಏರು ಈರಣ್ಣಾ" ಅಂದ. ನಾ ಅಲ್ಲೇ ನಿಂತೆ. ಕಿಸೆಯೊಳಗ, ಜೂನಿನ ರಕ್ತ ನಂದಲ್ಲ ಅನ್ನೂ ಅರ್ಜಿ ಇತ್ತು. ನೀ ಟೇಬಲ್ಲಿಗಿಲ್ಲ, ಅದಕ್ಕ ನನ್ನ ಮುರುಕು ಮರಾಠಿಯೊಳಗ ನಾನ ಬರದಿದ್ದೆ. ಒಂದು ಮನಸ್ಸು, ಸುಮ್ನ ಏರಿಬಿಡು ಅಂತು. ಸುಳ್ಳು ಯಾಕ ಹೇಳಲಿ, ಅಂತು.

ಕೊಟ್ಟೆ. ಓದಿ, "ಹಂಗಾದ್ರ ಆ ರಕ್ತ ಯಾರದು?" ಅಂತ ಕೇಳಿದ. ನನ್ನ ತಮ್ಮಂದು ಅಂದೆ. ಅವಗ ಕಿಡ್ನಿ ಹೊಂಟಾವ್ರಿ, ಆ ಕಾಗದ ಅವನ ಹೆಸರಿಗೆ ಆಗಬೇಕ್ರಿ ಅಂದೆ. ಅರ್ಜಿ ಫೈಲಿಗೆ ಹಚ್ಚಿಕೊಂಡ. ಪತ್ರ ಕೊಟ್ಟ. ನನ್ನ ಮ್ಯಾಲ ವಿಚಾರಣಿ ಹಚ್ಯಾರ, ಅದು ಮುಗಿಯೂ ತನಾ ಗೇಟಿನೊಳಗ ಬರಬ್ಯಾಡ ಅಂದಾರ. ಕ್ರೇನ್ ಅಂತೂ ಹೋತು.

ಈಗ ಆ ರಿಪೋರ್ಟಿನ ಮ್ಯಾಲ ನಿನ್ನ ಹೆಸರದ. ಜೂನಿನ ಅಂಕಿ, ಈಗಿನ ಅಂಕಿ ಎದುರಾಬದುರ ಇಟ್ಟು ನೋಡಿ ಡಾಕ್ಟರ್ ಗುಳಿಗಿ ಬದಲಿ ಮಾಡಿದ್ರು. ಅಷ್ಟ ಸುದ್ದಿ. ಮಾತಾಡದಿದ್ರೂ ನಾ ಬರ್ತೀನಿ, ಮೂಲ್ಯಾಗ ಕುಂಡ್ರತೀನಿ.

ಅಣ್ಣ


ಶಿವಾಜಿನಗರ, ಮನಿ
೧೦ ನವೆಂಬರ್ ೨೦೨೪

ಅಣ್ಣಾ,

ದೊಡ್ಡ ದೊಡ್ಡ ಅಕ್ಷರದಾಗ ಬರ್ಯಾಕ ಹತ್ತೀನಿ, ಸಣ್ಣವು ಕಾಣೂದಿಲ್ಲ. ಎಡಗಣ್ಣಿಗೆ ಸೂಜಿ ಹಾಕ್ಯಾರ. ರೇಣು ದಿನಾ ಎರಡು ಸಲ ಹೊಟ್ಟಿಗೆ ಇನ್ಸುಲಿನ್ ಚುಚ್ಚತಾಳ. ಚುಚ್ಚೂ ಮುಂದ ಕಣ್ಣು ಮುಚ್ಚತಾಳ ಹುಚ್ಚಿ, ತೆರದು ಚುಚ್ಚವಾ ಅಂತೀನಿ. ಕಿಡ್ನಿ ಅರ್ಧ ಕೆಲಸ ಮಾಡತಾವಂತ. ಉಪ್ಪು ಕಡಿಮಿ ಮಾಡಿ, ಬಿ.ಪಿ. ಹತೋಟಿಯೊಳಗ ಇಟ್ಟು, ಶುಗರ್ ಇಳಿಸಿದ್ರ ಉಳದ ಅರ್ಧ ಭಾಳ ದಿವಸ ನಡೀತದಂತ. ನಿನ್ನ ಜೂನಿನ ಕಾಗದ ಇರಲಿಲ್ಲಂದ್ರ ಎಷ್ಟು ವೇಗದಿಂದ ಇಳ್ಯಾಕ ಹತ್ತದ ಅಂತ ಗೊತ್ತಾಗತಿರಲಿಲ್ಲ ಅಂದ್ರು ಡಾಕ್ಟರ್. ದೀಪಾವಳಿಗೆ ಮನಿ ತುಂಬ ಸಿಹಿ ಕರಂಜಿ ಕರಿಯೂ ವಾಸನಿ, ನನಗ ಬರೇ ವಾಸನಿ.

ಗೋಡೀ ಕಡೆ ಮಾರಿ ಮಾಡಿದ್ದು ಸಿಟ್ಟಿಗಲ್ಲ. ಹ್ಯಾಂಗ ಹೇಳಲಿ, ನಾಚಿಕಿ ಆಗತದ. ಆ ದಿವಸ ವೈನಿ ನನ್ನ ಎಳಕೊಂಡು ಹೋದ್ರು, ರಕ್ತ ತಗದ್ರು, ಡಾಕ್ಟರ್ ಮುಂದ ಕುಂಡ್ರಿಸಿ, ನಿಮಗ ಶುಗರ್ ಅದ, ಬಿ.ಪಿ. ಅದ, ಭಾಳ ದಿವಸದಿಂದ ಅದ ಅಂದ್ರು. ಕಾಶವ್ವ ಅಳಾಕ ಹತ್ತಿದಳು. ನಾ ಒಂದ ಮಾತು ಕೇಳಿದೆ: "ಎರಡು ಜಿಲೇಬಿಯಿಂದ ಆಗತದೇನ್ರಿ ಇದು?" ಇಲ್ಲ ಅಂದ್ರು. ಮತ್ತೊಮ್ಮೆ ಕೇಳಿದೆ. ಎರಡಲ್ಲ, ನಾಕು ತಿಂದಿದ್ರೂ ಇಲ್ಲ ಅಂದ್ರು. ನನಗ ಎಷ್ಟು ಖುಷಿ ಆತು ಅಂದ್ರ, ಅಲ್ಲೇ ನಕ್ಕುಬಿಟ್ಟೆ ಅಣ್ಣಾ. ಮೂರು ತಿಂಗಳು ಉಣ್ಣೂ ಮುಂದ, ಮಲಗೂ ಮುಂದ ಅವು ಎರಡು ಜಿಲೇಬಿ ಎದಿ ಮ್ಯಾಲ ಕುಂತಿದ್ದುವು. ನಿನ್ನ ಕ್ರೇನ್ ನಾ ತಿಂದಿರಲಿಲ್ಲ. ಬೆರಳು ತಗೀತೀವಿ ಅಂದಾಗಲೂ ನನ್ನ ತಲ್ಯಾಗ ಅದ ಒಂದು ಮಾತು. ನೀ ಬಂದಾಗ ಮಾರಿ ತೋರಿಸಿದ್ರ ನನ್ನ ಖುಷಿ ಕಾಣಸ್ತಿತ್ತು. ಕಾಲಬೆರಳು ಕಳಕೊಂಡಾವ ನಗೂದು ನೋಡಿದ್ರ ನೀ ಅಳತಿದ್ದಿ.

ಆದ್ರ ಒಂದು ಮಾತು ಬಾಯಿಗೆ ಬಂದದ, ಹೇಳಿಬಿಡ್ತೀನಿ. ನಿನ್ನ ಕಾಗದ ಒಂದೂ ಹರದಿಲ್ಲ ನಾ. ಮೊನ್ನೆ ರೇಣು ಕಡಿಂದ ಎಲ್ಲಾ ಓದಿಸಿಕೊಂಡೆ, ನಂದೂ ನೆನಪು ಮಾಡಿಕೊಂಡೆ. ಜೂನ್‌ದಿಂದ ಇಲ್ಲೀ ತನಾ ನೀ ನನಗ ಒಮ್ಮೆಯೂ ಹ್ಯಾಂಗಿದಿ ಅಂತ ಕೇಳಿಲ್ಲ. ನಿನಗ ರೋಗ ಅದ ಅಂತ ಗೊತ್ತಿದ್ದೂ ನಾನೂ ನಿನಗ ಕೇಳಿಲ್ಲ. ಹಳೇ ಮಂದಿ ಕಾಗದದ ಮೊದಲನೇ ಸಾಲಿನ್ಯಾಗ ಅದನ್ನ ಯಾಕ ಬರೀತಿದ್ರು ಅಂತ ಈಗ ತಿಳೀತು.

ನಾ ಇವತ್ತು ಮುಂಜಾನೆ ಖಾಲಿ ಹೊಟ್ಟೀಲೆ ನೂರಾ ಐವತ್ತೆರಡು, ಬಿ.ಪಿ. ನೂರಾ ನಲವತ್ತು, ಕೆಳಗಿಂದು ತೊಂಬತ್ತು.

ನೀ ಹ್ಯಾಂಗಿದಿ? ನಿಂದು ಎಷ್ಟದ? ನಿನ್ನ ಹೆಸರಿಲೆ, ನಿಂದ ಬರಿ.

ನಿನ್ನ ತಮ್ಮ
ಅಮರ